ಗೊತ್ತೇ ಆಗದ ಕಾಲಿಗೆ ಇಂಜೆಕ್ಷನ್ ಯಾಕೆ?

ನಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವಳಲ್ಲ. ನಮ್ಮ ಯಜಮಾನರು ಇದ್ದಷ್ಟು ದಿನ ಅವು ತಾವಾಗಿಯೇ ಮನೆಗೆ ಬರುತ್ತಿದ್ದವು. ಆಸ್ಪತ್ರೆಗೆ ಹೋದರೆ ಅಲ್ಲಿಗೂ ಬರುತ್ತಿದ್ದವು.

ಅವರು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಶಿಡ್ಲಘಟ್ಟದಲ್ಲಿ ಬಸ್ಸಿನ ಮೇಲೆ ರೇಷ್ಮೆಗೂಡಿನ ಮೂಟೆ ಕಟ್ಟುವಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಕ್ಕೆ ಮುಟ್ಟಿದ್ದು ಗೊತ್ತಾಗುತ್ತಿರಲಿಲ್ಲ, ಕಾಲು ಆಡುತ್ತಿರಲಿಲ್ಲ. ಆರು ವರ್ಷ ಕಳೆದ ಮೇಲೆ ಮೂತ್ರಕೋಶದಲ್ಲಿ ಕಲ್ಲು ಕಾಣಿಸಿತು. ಅದನ್ನು ತೆಗೆಸಿದಾಗ ಆದದ್ದನ್ನು ಆದ ಹಾಗೆಯೇ ಬರೆದಿದ್ದೇನೆ.

ಅರ್ಧ ದಿನದ ರಜೆ

ರಜೆ ಅರ್ಜಿ ಹಿಡಿದು ಹೆಡ್‌ಮೇಷ್ಟ್ರ ಮುಂದೆ ನಿಂತೆ. ಗೌರಿಬಿದನೂರಿನ ಶಾಲೆಯಲ್ಲಿ ಅವರೂ ನಾನೂ ಹದಿನಾಲ್ಕು ವರ್ಷದಿಂದ ಜೊತೆಗೆ ಪಾಠ ಮಾಡುತ್ತಿದ್ದವರು.

"ನಿಮ್ಮೆಜಮಾನ್ರಿಗೆ ಸೊಂಟದ ಕೆಳಗೆ ನೋವೇ ಗೊತ್ತಾಗಲ್ಲ ಅಲ್ವೇನಮ್ಮ?"

"ಗೊತ್ತಾಗಲ್ಲ ಸಾರ್."

"ಹಂಗಾದ್ರೆ ಮತ್ತು ಬರೋ ಇಂಜೆಕ್ಷನ್ ಬೇಡ. ಇಂಜೆಕ್ಷನ್ ಇಲ್ಲ ಅಂದ್ಮೇಲೆ ಅದು ಇಳಿಯೋವರೆಗೂ ಕಾಯೋದಿಲ್ಲ. ಅರ್ಧ ದಿನ ಸಾಕಲ್ಲ?"

ಪ್ರತಿ ಹಂತವೂ ಸರಿಯಾಗಿತ್ತು. ಇಂಜೆಕ್ಷನ್ ಬೇಡ ಅನ್ನುವ ಮೊದಲ ಸಾಲು ಮಾತ್ರ ತಪ್ಪು. ನಾವು ಮೊದಲು ತೋರಿಸಿದ್ದ ಒಂದು ಆಸ್ಪತ್ರೆಯವರೂ ಹೀಗೇ ಯೋಚಿಸಿ, ಇಂಜೆಕ್ಷನ್ ಇಲ್ಲದೆ ಕಲ್ಲಿಗೆ ಕೈ ಹಾಕಿದ್ದರು. ಇವರಿಗೆ ನೋವಾಗಲಿಲ್ಲ. ಆದರೆ ಐದು ನಿಮಿಷದಲ್ಲಿ ಮುಖವೆಲ್ಲ ಬೆವರಿ, ತಲೆ ಸಿಡಿಯುತ್ತದೆಂದು ಕೂಗಿಕೊಂಡರು. ಬಿ.ಪಿ. ಇನ್ನೂರು ದಾಟಿತ್ತು. ಅಲ್ಲಿಗೇ ನಿಲ್ಲಿಸಿ ವಾಪಸ್ ಕಳಿಸಿದರು. ಇದನ್ನೆಲ್ಲ ಹೇಳಿದೆ.

ಹೆಡ್‌ಮೇಷ್ಟ್ರು ಕನ್ನಡಕ ತೆಗೆದು, ಕೂಡಲೇ ಐದು ದಿನಕ್ಕೆ ಸಹಿ ಹಾಕಿದರು. ಅರ್ಜಿ ಕೊಡುವಾಗ ತಗ್ಗಿದ ದನಿಯಲ್ಲಿ ಹೇಳಿದರು: "ಇದರಲ್ಲಿ ನೋವು ಗೊತ್ತಾಗಲ್ಲ ಅಂತ ಎಲ್ಲೂ ಬರೀಬೇಡಿ. ಮೇಲಿನ ಆಫೀಸಲ್ಲೂ ನನ್ನಂಥೋರೇ ಕೂತಿರೋದು."

ಅತ್ತೆಗೆ ಬಿದ್ದ ಒದೆ

ಆಪರೇಷನ್ ಸುದ್ದಿ ಕೇಳಿ ಚಿಂತಾಮಣಿ ಕಡೆಯಿಂದ ನಮ್ಮವರ ಸೋದರತ್ತೆ ಬಂದರು. ಮಂಚದ ತುದಿಯಲ್ಲಿ ಕೂತು, ಕಾಫಿ ಲೋಟ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೊದಿಕೆ ಸರಿ ಮಾಡಿದರು. ಬೆನ್ನುಹುರಿಗೆ ಪೆಟ್ಟಾದವರ ಕಾಲು ಮುಟ್ಟಿದರೆ ಒಮ್ಮೊಮ್ಮೆ ತಾನಾಗಿಯೇ ಎಗರುತ್ತದೆ. ಅದು ಅವರು ಆಡಿಸಿದ್ದಲ್ಲ. ಇದು ನಮಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಕಾಲು ಎಗರಿತು, ಲೋಟ ಹಾರಿತು, ಕಾಫಿಯೆಲ್ಲ ಸೀರೆ ಮೇಲೆ.

"ಕಾಲು ವಚ್ಚಿಂದಿರಾ ನಾಯನಾ, ಕಾಲು ಬಂತು ಕಣೋ!" ಎಂದು ಅತ್ತೆ ಎದ್ದು ನಿಂತರು. "ಆಪರೇಷನ್ನೂ ಬೇಡ, ಏನೂ ಬೇಡ. ವಿದುರಾಶ್ವತ್ಥದಲ್ಲಿ ನಾಗರಕಲ್ಲು ಇಡಿಸ್ತೀನಿ!"

"ಅತ್ತೆ, ಅದು ನಾನು ಒದ್ದಿದ್ದಲ್ಲ."

"ಇನ್ಯಾರೋ ಒದ್ದಿದ್ದು? ಮಂಚದ ಮೇಲೆ ನೀನೊಬ್ಬನೇ ಇರೋದು!"

"ನಾನೇ ಒದೆಯೋ ಹಾಗಿದ್ರೆ, ನೀವು ಕಾಫಿ ಕುಡಿದಾದ್ಮೇಲೆ ಒದೀತಿದ್ದೆ ಅತ್ತೆ."

ಹಿಡಿದ ಇಂಜೆಕ್ಷನ್

ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗುವಾಗ ಮಂಚೇನಹಳ್ಳಿ ದಾಟಿದ ಮೇಲೆ ನಮ್ಮವರು ಹೇಳಿದರು: "ಮುರಿದಿರೋ ಬೆನ್ನಿಗೇ ಸೂಜಿ ಹಾಕ್ತಾರಂತೆ ಕಣೇ. ಉಳಿದಿರೋದು ಎರಡು ಕೈ. ಅವೂ ಹೋದ್ರೆ?"

ಅದಕ್ಕೆ ಉತ್ತರ ಇದ್ದದ್ದು ಅರಿವಳಿಕೆ ಕೊಡುವ ಡಾಕ್ಟರಮ್ಮನ ಹತ್ತಿರ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. "ನಿಮಗೆ ಗೊತ್ತಾಗಲ್ಲ, ಆದ್ರೆ ನಿಮ್ಮ ಮೈಗೆ ಗೊತ್ತಾಗುತ್ತೆ. ಅದಕ್ಕೇ ಅವತ್ತು ಬಿ.ಪಿ. ಏರಿದ್ದು. ಹಂಗೇ ಬಿಟ್ರೆ ತಲೆಯಲ್ಲಿ ರಕ್ತನಾಳ ಒಡೆದು ಪ್ರಾಣಕ್ಕೇ ಬರುತ್ತೆ. ಈ ಇಂಜೆಕ್ಷನ್ ಹಾಕಿದ್ರೆ ಕೆಳಗಿನ ಸುದ್ದಿ ಮೇಲಕ್ಕೆ ಹೋಗಲ್ಲ."

"ಸೂಜಿ ಎಲ್ಲಿ ಹಾಕ್ತೀರಮ್ಮ?"

"ಸೊಂಟದಲ್ಲಿ. ಪೆಟ್ಟು ಬಿದ್ದ ಜಾಗಕ್ಕಿಂತ ಎಷ್ಟೋ ಕೆಳಗೆ. ಕೈಗೇನೂ ಆಗಲ್ಲ."

ಅವರು ಒಪ್ಪಿದರು. ಮುಂದಿನದು ಅವರೇ ನನಗೆ ಹೇಳಿದ್ದು. ಒಳಗೆ ಪಕ್ಕಕ್ಕೆ ಮಲಗಿಸಿ ಬೆನ್ನು ಒರೆಸುತ್ತಿದ್ದರಂತೆ. ಸಲೈನ್ ತರಲು ಹೋಗಿದ್ದ ಬ್ರದರ್ ಒಳಗೆ ಬಂದವರೇ, ದಿನಾ ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: "ಕಾಲು ಎತ್ತಿ ನೋಡಣ ಯಜಮಾನ್ರೇ."

"ಆಗ್ತಿಲ್ಲಪ್ಪ."

"ಬೆರಳಾದ್ರೂ ಅಲ್ಲಾಡಿಸಿ."

"ಊಹೂಂ."

"ಮೇಡಂ, ಸೂಪರ್ರಾಗಿ ಹಿಡಿದಿದೆ! ಆಪರೇಷನ್ ಮಾಡೋ ಡಾಕ್ಟ್ರನ್ನ ಕರೀಲಾ?"

ಡಾಕ್ಟರಮ್ಮ ಕೈಯಲ್ಲಿದ್ದ ತುಂಬಿದ ಸಿರಿಂಜನ್ನು ಎತ್ತಿ ತೋರಿಸಿದರಂತೆ.

ಪಕ್ಕದ ಮಂಚದ ಮರ್ಯಾದೆ

ಇಂಜೆಕ್ಷನ್ ಹಿಡಿದಿದೆಯೇ ಎಂದು ಡಾಕ್ಟರಮ್ಮ ಬೇರೆ ರೀತಿ ನೋಡಿದರು. ಪಾದವನ್ನು ಮೇಲಕ್ಕೆ ಒತ್ತಿದರೆ ಅದು ತಾನಾಗಿ ಗಡಗಡ ನಡುಗುತ್ತಿತ್ತು. ಇಂಜೆಕ್ಷನ್ ಆದ ಮೇಲೆ ಆ ನಡುಕ ನಿಂತಿತು, ಕಾಲು ಸಡಿಲವಾಯಿತು. ಕಲ್ಲು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಬಿ.ಪಿ. ಅಷ್ಟು ಹೊತ್ತೂ ಇದ್ದಲ್ಲೇ ಇತ್ತು. ನಮ್ಮವರು ತೀರಿಹೋದದ್ದು ಅದಾಗಿ ನಾಲ್ಕು ವರ್ಷಕ್ಕೆ, ಬೇರೆ ಕಾಯಿಲೆಯಿಂದ.

ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಅದೇ ದಿನ ಹರ್ನಿಯಾ ಆಪರೇಷನ್ ಆದ ರೈತರೊಬ್ಬರನ್ನು ತಂದು ಮಲಗಿಸಿದರು. ಅವರಿಗೂ ಬೆನ್ನಿಗೆ ಅದೇ ಇಂಜೆಕ್ಷನ್. ಕಣ್ಣು ಬಿಟ್ಟು ಬಿಟ್ಟು ಕಾಲನ್ನೇ ನೋಡುತ್ತಿದ್ದರು.

"ಹೆದರ್ಕೋಬೇಡಿ," ಎಂದರು ನಮ್ಮವರು. "ನಿಮ್ಮದು ಮೂರ್ನಾಲ್ಕು ಗಂಟೆ. ನನ್ನದು ಆರು ವರ್ಷದಿಂದ ಹಿಂಗೇ ಇದೆ. ಏನಾದ್ರೂ ಅನುಮಾನ ಇದ್ರೆ ಕೇಳಿ."

ರೈತರ ಮುಖ ಸಣ್ಣದಾಯಿತು.

ಸಿಸ್ಟರ್ ಬಂದಾಗಲೆಲ್ಲ "ಕಾಲು ಅಲ್ಲಾಡುತ್ತಾ?" ಎಂದು ಕೇಳುತ್ತಿದ್ದರು. ರೈತರು "ಇಲ್ಲಮ್ಮ" ಎನ್ನುತ್ತಿದ್ದರು. ಇಂಜೆಕ್ಷನ್ ಹಾಕಿ ಮೂರು ಗಂಟೆ ಆಯಿತು, ಇಲ್ಲ. ಐದಾಯಿತು, ಇಲ್ಲ. ಆರಾಯಿತು, ಇಲ್ಲ. ಸಿಸ್ಟರ್ ಓಡಿದರು. ನಮ್ಮವರು ನನ್ನ ಕೈ ಹಿಡಿದು, ಬಿಟ್ಟು, ತಮ್ಮ ಎರಡೂ ಮುಷ್ಟಿ ಮುಚ್ಚಿ ತೆರೆದು ನೋಡಿಕೊಳ್ಳತೊಡಗಿದರು. "ನಾನು ಹೇಳಿರಲಿಲ್ವೇನೇ? ಅವರಿಗೆ ಕಾಲು ಹೋಯ್ತು. ನನಗಿನ್ನು ಕೈ."

ಡಾಕ್ಟರಮ್ಮ ಬಂದರು. ಅವರ ಮುಖವೂ ಬಿಳಿಚಿಕೊಂಡಿತ್ತು. "ಆಂಬುಲೆನ್ಸ್ ಕರೀರಿ. ಬೆಂಗಳೂರಿಗೆ ಕಳಿಸಿ ಬೆನ್ನು ಸ್ಕ್ಯಾನ್ ಮಾಡಿಸಬೇಕು."

"ಅಯ್ಯೋ, ಬೇಡಮ್ಮ!" ಎಂದು ರೈತರು ಎರಡೂ ಮೊಣಕಾಲು ಮಡಚಿ ಎದ್ದು ಕೂತರು. "ಆಗಲೇ ಬಂತಮ್ಮ ಕಾಲು. ಎರಡು ಗಂಟೆ ಆಯ್ತು."

"ಮತ್ತೆ ಇಲ್ಲ ಇಲ್ಲ ಅಂದ್ರಿ?"

ರೈತರು ನಮ್ಮವರ ಕಡೆ ನೋಡಿ ತಲೆ ತಗ್ಗಿಸಿದರು. "ಪಕ್ಕದಲ್ಲಿ ಇವರು ಹಿಂಗೆ ಮಲಗಿರುವಾಗ ನಾನು ಕಾಲು ಕುಣಿಸ್ಕೊಂಡು ಹೆಂಗಮ್ಮ ಇರೋದು? ಮರ್ಯಾದೆ ಬೇಡ್ವಾ?"

ಡಾಕ್ಟರಮ್ಮ ನಮ್ಮವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ನೋಡಿದರು. ಆಪರೇಷನ್ನಿನಲ್ಲಿ ಏರದಿದ್ದದ್ದು ಈಗ ಏರಿತ್ತು.

"ನೋಡಪ್ಪ ನಿನ್ನ ಮರ್ಯಾದೆ!" ಎಂದರು ನಮ್ಮವರು.

"ತಪ್ಪಾಯ್ತು ಸಾಮಿ. ಈಗ ಅಲ್ಲಾಡಿಸಲಾ?"

"ಅಲ್ಲಾಡಿಸಪ್ಪ. ನನ್ನ ಪಾಲಿಂದೂ ಸೇರಿಸಿ ಅಲ್ಲಾಡಿಸು."

ಆ ಪುಣ್ಯಾತ್ಮರು ಎಷ್ಟು ಶ್ರದ್ಧೆಯಿಂದ ಅಲ್ಲಾಡಿಸಿದರೆಂದರೆ, ಹೊಲಿಗೆ ಬಿಚ್ಚಿಹೋಗುತ್ತದೆಂದು ಸಿಸ್ಟರ್ ಬಂದು ಇಬ್ಬರಿಗೂ ಸೇರಿಸಿ ಬೈದು, "ಇಬ್ಬರೂ ಕಾಲು ಆಡಿಸದೆ ಸುಮ್ನೆ ಮಲಕ್ಕೊಳ್ಳಿ!" ಎಂದು ಹೇಳಿ ಹೋದರು.