ನಮ್ಮ ಮಾವನ ಮನೆಕೂಟಕ್ಕೆ ಆಧಾರವೇನು?

ನಮ್ಮ ಸೋದರಮಾವನಷ್ಟು ನಿಧಾನದ ಮನುಷ್ಯ ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬರಿದ್ದರೆ, ಅವರು ಇನ್ನೂ ದಾರಿಯಲ್ಲೇ ಇದ್ದಾರೆ, ಬಂದು ತಲುಪಿಲ್ಲ ಎಂದೇ ಅರ್ಥ! ಹಾಗಂತ ಅವರನ್ನು ಸೋಮಾರಿ ಅಂದುಕೊಳ್ಳಬೇಡಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಬೋಲ್ಟನ್ನು ಎತ್ತಿ ಪಕ್ಕಕ್ಕೆ ಹಾಕುವ ಕೆಲಸ. ಶಿಫ್ಟಿಗೆ ಒಂದು ದಿನವೂ ಒಂದು ನಿಮಿಷವೂ ತಡವಾದವರಲ್ಲ. ಅವರ ನಿಧಾನವೆಲ್ಲ ಒಂದೇ ವಿಷಯದಲ್ಲಿ. ಯಾರನ್ನಾದರೂ ಏನಾದರೂ ಕೇಳಿದರೆ, ಉತ್ತರ ಬರುವ ತನಕ ಕಾಯುತ್ತಿದ್ದರು.

ಅದರಲ್ಲೇನು ವಿಶೇಷ ಅಂತೀರಾ? ನೀವು ಯಾರನ್ನೋ "ಚೆನ್ನಾಗಿದ್ದೀರಾ?" ಅಂತ ಕೇಳಿ ಉತ್ತರಕ್ಕೆ ಕಾದದ್ದು ಯಾವಾಗ, ಹೇಳಿ ನೋಡೋಣ! ಮಾವ ಒಂದು ಬೆಳಿಗ್ಗೆ ಸೊಪ್ಪಿನವಳನ್ನು "ಹೇಗಿದ್ದೀಯಮ್ಮ?" ಅಂದರು. ಅವಳು "ಇದೀನಿ ಸಾಮಿ" ಅಂದಳು. ಮಾವ ಅಲ್ಲಾಡಲಿಲ್ಲ. ಇದ್ದೀಯ ಅನ್ನುವುದು ಕಾಣಿಸುತ್ತಿದೆ, ಹೇಗಿದ್ದೀಯ ಎನ್ನುವುದಲ್ಲವೇ ಪ್ರಶ್ನೆ? ಅವಳು ಅತ್ತ ನೋಡಿದಳು, ಇತ್ತ ನೋಡಿದಳು, ಕೊನೆಗೆ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಮಂಡಿನೋವಿನಿಂದ ಹಿಡಿದು ಸೊಸೆಯ ತವರಿನವರೆಗೆ ಎಲ್ಲವನ್ನೂ ಹೇಳಿ, ಒಂದಿಷ್ಟು ಅತ್ತು, ಹಗುರಾಗಿ ಎದ್ದು ಹೋದಳು. ಮಾವ ಬರಿಗೈಯಲ್ಲಿ ಒಳಗೆ ಬಂದರು.

"ಸೊಪ್ಪೆಲ್ಲಿ?" ಅಂದರು ಅತ್ತೆ.

"ಅಯ್ಯೋ, ಅದನ್ನ ಕೇಳೋದೇ ಮರೆತೆ ಕಣೇ!"

ನಾನು ಅಪ್ಪ ತೀರಿಕೊಂಡ ಮೇಲೆ ರಾಜಗೋಪಾಲನಗರದ ಈ ಮನೆಗೆ ಬಂದು ಸೇರಿದವಳು. ಯಶವಂತಪುರದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ನನಗೆ ಉಗ್ಗು. ಬರೆಯುವಾಗ ಇಲ್ಲ, ಹಾಡುವಾಗಲೂ ಇಲ್ಲ. ಮಾತಾಡಲು ಹೊರಟರೆ ಮಾತ್ರ ಎಲ್ಲಿರುತ್ತದೋ, ಓಡಿ ಬರುತ್ತದೆ! ಅದಕ್ಕೊಂದು ನ್ಯಾಯವೂ ಇರಲಿಲ್ಲ ನೋಡಿ. ಬಸ್ಸಿನಲ್ಲಿ 'ಗೊರಗುಂಟೆಪಾಳ್ಯ' ಅಂತ ಅಷ್ಟುದ್ದದ ಹೆಸರನ್ನು ಸರಾಗವಾಗಿ ಹೇಳುತ್ತಿದ್ದೆ, 'ಪೀಣ್ಯ' ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಕಂಡಕ್ಟರ್ "ಬೇಗ ಹೇಳಮ್ಮಾ" ಅಂದರಂತೂ ಮುಗಿಯಿತು. ಆದ್ದರಿಂದ ದಿನಾ ಸಂಜೆ ಪೀಣ್ಯದಲ್ಲಿ ಇಳಿಯುವ ಬದಲು ಹಿಂದಿನ ಸ್ಟಾಪಾದ ಗೊರಗುಂಟೆಪಾಳ್ಯಕ್ಕೇ ಟಿಕೆಟ್ ತಗೊಂಡು, ಅಲ್ಲೇ ಇಳಿದು, ಲಾರಿಗಳ ಹೊಗೆ ಕುಡಿಯುತ್ತಾ ಮನೆಗೆ ನಡೆಯುತ್ತಿದ್ದೆ. ವಾಕಿಂಗ್ ಒಳ್ಳೆಯದು ಅಂತ ಮನೆಯಲ್ಲಿ ಹೇಳಿದ್ದೆ. ಅವರು ನಂಬಿದಂತೆ ಕಂಡರು.

ಇಂಥ ಮಾವ ಮಂಗಳವಾರ ಸಂಜೆ ಮನೆಯಲ್ಲಿ ಒಂದು ಕೂಟ ನಡೆಸುತ್ತಿದ್ದರು. ಚಾಪೆ ಹಾಸಿ, ಹನ್ನೆರಡು ಜನ ದುಂಡಗೆ ಕೂತು, ಬೈಬಲ್, ಅಂದರೆ ನಮ್ಮ ಸತ್ಯವೇದದ ಒಂದು ಭಾಗ ಓದಿ ಮಾತಾಡುವುದು. ಮಾವ ಪ್ರಸಂಗ ಮಾಡಿ ಉಪದೇಶ ಕೊಡುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ, ಕೈಗಡಿಯಾರ ಬಿಚ್ಚಿ, ಚಾಪೆಯ ಮೇಲೆ ಮಗುಚಿಟ್ಟು ಕಾಯುತ್ತಿದ್ದರು. ಎಲ್ಲರದೂ ಒಂದು ಸುತ್ತು ಆಗುವವರೆಗೆ ಯಾರೂ ಎರಡನೇ ಸಲ ಮಾತಾಡುವಂತಿಲ್ಲ. ನನ್ನ ಸರದಿ ಬಂದಾಗ ನಾನು ತಲೆಯಾಡಿಸಿ ಮುಂದಿನವರ ಕಡೆ ನೋಡುತ್ತಿದ್ದೆ. ಅದಕ್ಕೂ ಮೊದಲು ಮಾವ ಚೆನ್ನಾಗಿಯೇ ಕಾಯುತ್ತಿದ್ದರು.

ಒಂದು ಮಂಗಳವಾರ ಮೌನ ಎಷ್ಟು ಬೆಳೆಯಿತೆಂದರೆ, ಮನೆ ಮಾಲೀಕರಾದ ಗೌಡರು ಗಾಬರಿಯಿಂದ ಕಿಟಕಿಯಲ್ಲಿ ಇಣುಕಿದರು. "ಏನ್ ಸಾಮಿ, ಇಷ್ಟು ಜನ ಸೇರವ್ರೆ, ಒಂದು ಸದ್ದಿಲ್ಲ! ಒಳಗೆ ಯಾರಾನಾ ಓಗ್ಬುಟ್ರಾ?"

ಮಾವನ ಬಳಿ ಎಲ್ಲಕ್ಕೂ ಆಧಾರವಿತ್ತು. ಯಾಕೆ ಹನ್ನೆರಡೇ ಜನ? ಯೇಸುಸ್ವಾಮಿ ಆರಿಸಿಕೊಂಡದ್ದು ಎಷ್ಟು ಜನರನ್ನ? ಯಾಕೆ ಚಾಪೆ? ಐದು ರೊಟ್ಟಿ, ಎರಡು ಮೀನು ಹಂಚುವ ಮೊದಲು ಸ್ವಾಮಿ ಜನರನ್ನು ಗುಂಪುಗುಂಪಾಗಿ ಹುಲ್ಲಿನ ಮೇಲೆ ಕೂರಿಸಲಿಲ್ಲವೇ? "ಹಂಗಾದ್ರೆ ಮೀನೆಲ್ಲಿ? ಬರೀ ಟೀ ಬನ್ನು ಕೊಡ್ತಿದೀರಲ್ಲ!" ಎಂದು ಅತ್ತೆ ಕೇಳಿದ್ದಕ್ಕೆ ಮಾತ್ರ ಆಧಾರ ಸಿಕ್ಕಿರಲಿಲ್ಲ.

ತೊಂದರೆ ಬಂದದ್ದು ಆ 'ಒಂದು ಸುತ್ತು' ನಿಯಮದಿಂದ. ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು, ಕಾರ್ಖಾನೆಯಲ್ಲಿ ಸ್ಟೋರ್ ಕೀಪರು, ಮಹಾ ಮಾತುಗಾರರು, ಹೊಸದಾಗಿ ಕೂಟಕ್ಕೆ ಬರತೊಡಗಿದ್ದರು. ಒಂದು ಸಲ ಮಾತಾಡಿದರೆ ಅವರಿಗೆ ಗಂಟಲು ಒದ್ದೆಯಾಗುವುದೂ ಇಲ್ಲ. ಮೂರು ಮಂಗಳವಾರ ತಡೆದುಕೊಂಡು, ನಾಲ್ಕನೆಯದಕ್ಕೆ ಸಭಾಪಾಲಕರ, ಅಂದರೆ ಪಾದ್ರಿಗಳ, ಹತ್ತಿರ ಹೋಗಿ ದೂರು ಕೊಟ್ಟರು. ಇವರು ಬೇರೆ ಕೂಟ ಕಟ್ಟಿ ಸಭೆ ಒಡೆಯುತ್ತಿದ್ದಾರೆ ಅಂತ!

ಮುಂದಿನ ಮಂಗಳವಾರ ಸಭಾಪಾಲಕರೇ ಬಂದರು, ಸ್ಟೋರ್ ಕೀಪರ್ ಜೊತೆಗೆ. ಇಬ್ಬರಿಗೂ ಕುರ್ಚಿ ಹಾಕಿದೆವು. "ನಿಮ್ಮ ಕೂಟಕ್ಕೆ ವೇದದಲ್ಲಿ ಆಧಾರ ಏನು? ತೋರಿಸಿ. ಇಲ್ಲ ಅಂದ್ರೆ ನಿಲ್ಲಿಸಿ, ಎಲ್ಲರೂ ಭಾನುವಾರದ ಸಭೇಲೇ ಮಾತಾಡಿ" ಅಂದರು. ಮುನ್ನೂರು ಜನರ ಆ ಸಭೆಯಲ್ಲಿ ನಾನು ಹಾಡುವುದಕ್ಕಲ್ಲದೆ ಬಾಯಿ ತೆರೆದವಳಲ್ಲ. ಇಲ್ಲೂ ಮಾತಾಡಿರಲಿಲ್ಲ ನಿಜ. ಆದರೆ ನನ್ನ ಸರದಿ ಅಂತ ಒಂದು ಇದ್ದದ್ದು ಇಲ್ಲಿ ಮಾತ್ರ.

ಮಾವ ಏನು ಮಾಡಿದರು ಅಂತೀರಿ? ಗಡಿಯಾರ ಬಿಚ್ಚಿ ಮಗುಚಿಟ್ಟರು! "ಅಯ್ಯನವರು ಕೇಳಿದ್ದು ಒಳ್ಳೇ ಪ್ರಶ್ನೆ. ನಿಮಗೇನನ್ಸುತ್ತೆ?" ಅಂತ ನಮ್ಮ ಕಡೆಗೇ ತಿರುಗಿದರು.

ಆಸ್ಪತ್ರೆಯ ನರ್ಸಮ್ಮ ಶುರುಮಾಡಿದರು. ಗುಡಾರ ಹೊಲಿಯುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಸಭೆ ಸೇರುತ್ತಿತ್ತು ಅಂತ ವೇದದಲ್ಲಿದೆ, ಅವರೂ ನಮ್ಮ ಹಾಗೆ ದುಡಿದು ತಿನ್ನುವವರೇ ಅಂದರು. ಲೇತ್ ಕೆಲಸದ ಟರ್ನರು, ಮೋಶೆ ಒಬ್ಬನೇ ಎಲ್ಲರ ವ್ಯಾಜ್ಯ ಕೇಳಿ ಸುಸ್ತಾದಾಗ, ಹತ್ತತ್ತು ಜನಕ್ಕೆ ಒಬ್ಬೊಬ್ಬನನ್ನು ನೇಮಿಸು ಅಂತ ಅವನ ಮಾವ ಬುದ್ಧಿ ಹೇಳಲಿಲ್ಲವೇ ಅಂದ.

"ಮಾವಂದಿರು ಆಗಿನಿಂದ್ಲೂ ಹಿಂಗೇ" ಅಂದರು ಅತ್ತೆ. ಸಭಾಪಾಲಕರ ತುಟಿ ಸ್ವಲ್ಪ ಸಡಿಲವಾಯಿತು.

"ಅದು ತೀರ್ಪು ಹೇಳೋಕೆ!" ಸ್ಟೋರ್ ಕೀಪರ್ ಬಿಡಲಿಲ್ಲ. "ದೊಡ್ಡ ಸಭೇಲಿ ಸಿಗದೇ ಇರೋದು ಇಲ್ಲೇನು ಸಿಗುತ್ತೆ, ಅದನ್ನ ಹೇಳಿ."

ಈಗ ನನ್ನ ಸರದಿ. ತಲೆಯಾಡಿಸಿಬಿಟ್ಟರೆ ಮುಗಿಯುತ್ತಿತ್ತು. ಯಾವ ಧೈರ್ಯವೋ, ಬಾಯಿ ತೆರೆದೆ. "ಮೋ... ಮೋ..."

"ಮೋಕ್ಷನಾ?" ಅಂದರು ಸ್ಟೋರ್ ಕೀಪರ್.

"ಕಾಯ್ರಿ!" ಅಂದರು ಮಾವ. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕಾದರು. ಯಾರೂ ಕೆಮ್ಮಲಿಲ್ಲ, ಕಾಲು ಬದಲಿಸಲಿಲ್ಲ, ನನ್ನ ಮೇಲೆ ಕರುಣೆ ತೋರಿಸಿ ಕಣ್ಣು ತಗ್ಗಿಸಲೂ ಇಲ್ಲ. ಎರಡು ವರ್ಷ ಅಭ್ಯಾಸ ಮಾಡಿದವರಲ್ಲವೇ! ಒಂದೊಂದೇ ಅಕ್ಷರ ಹೊರಗೆ ತಂದೆ. "ಮೋಶೆಗೂ ನಾಲಿಗೆ ನಿಧಾನ. ದೇವರು ಅವನನ್ನ ಮಾತಾಡಿಸಿದ್ದು ಉರಿಯೋ ಪೊದೆ ಹತ್ರ, ಯಾರೂ ಇಲ್ಲದಾಗ. ಅವನು ನನ್ನ ಕೈಲಾಗಲ್ಲ ಅಂತ ಹೇಳಿ ಮುಗಿಸೋವರೆಗೂ ದೇವರು ಕಾದ. ಇಲ್ಲಿ ನನಗೂ ಕಾಯ್ತಾರೆ, ಅಯ್ಯನವರೇ."

"ಕೊನೇಲಿ ದೇವರಿಗೆ ಕೋಪ ಬಂತು ಅಂತಾನೂ ಬರೆದಿದೆ" ಅಂದರು ಸ್ಟೋರ್ ಕೀಪರ್.

"ಬಂತು" ಅಂದರು ಸಭಾಪಾಲಕರು. "ಆದ್ರೂ ಅವನ ಮಾತನ್ನ ಮಧ್ಯದಲ್ಲಿ ತಡೀಲಿಲ್ಲ." ಆಮೇಲೆ ಕುರ್ಚಿಯಿಂದ ಎದ್ದು, ಪಂಚೆ ಸರಿಮಾಡಿಕೊಂಡು, ಚಾಪೆಯ ಮೇಲೆ ಟರ್ನರ್ ಪಕ್ಕ ಕೂತರು. "ನನ್ನ ಸರದಿ ಯಾವಾಗ?"

"ನಂದು?" ಅಂದರು ಸ್ಟೋರ್ ಕೀಪರ್.

"ಅಯ್ಯನವರದಾದ ಮೇಲೆ" ಅಂದರು ಮಾವ.

ಅಬ್ಬಾ! ಆ ಸಂಜೆ ನಾನು ಮೂರು ಬನ್ನು ತಿಂದೆ.

ಎಲ್ಲರೂ ಹೊರಟಾಗ ಮಾವ ಅವರನ್ನು ಬೀದಿಯವರೆಗೆ ಕಳಿಸಲು ಹೋದರು. ಅತ್ತೆ ಚಾಪೆ ಕೊಡವುತ್ತಾ ಮೆಲ್ಲಗೆ ಅಂದರು. "ನಿಮ್ಮ ಮಾವ ಮೊದಲು ಹಿಂಗಿರ್ಲಿಲ್ಲ ಕಣೇ. ಆ ಸ್ಟೋರ್ ಕೀಪರನ್ನೇ ಮೀರಿಸೋ ಮಾತು! ನೀನು ಬಂದ್ಯಲ್ಲ, ಮನೇಲಿ ನಾವಿಬ್ರು ಕಾದ್ರೆ ಸಾಲ್ದು, ಮಗು ಹತ್ತು ಜನರ ಮುಂದೆ ಮಾತಾಡ್ಬೇಕು ಅಂದ್ರು. ಸೊಪ್ಪಿನವಳ ಹತ್ರ, ಹಾಲಿನವನ ಹತ್ರ ಕಾಯೋದು ಕಲ್ತ್ರು. ಆಮೇಲೆ ಕೂಟ ಶುರುಮಾಡಿದ್ರು. ಆಧಾರ ವಚನ ಎಲ್ಲ ಆಮೇಲೆ ಹುಡುಕಿದ್ದು. ಈ ಕೂಟಕ್ಕೆ ಆಧಾರ ನೀನೇ ಕಣೇ."

ಮಾವ ಒಳಗೆ ಬಂದು, ಅತ್ತೆ ಮೇಜಿನ ಮೇಲೆ ಎತ್ತಿಟ್ಟಿದ್ದ ಗಡಿಯಾರ ಕಟ್ಟಿಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಅದರ ಬದಲು "ಮಾವ, ನಾಳೆಯಿಂದ ನಾನು ಪೀ..." ಅಂದೆ. ಅಲ್ಲಿಗೇ ನಿಂತಿತು. ಉಗ್ಗು ಒಂದು ಕಡೆ, ಅಳು ಒಂದು ಕಡೆ.

ಮಾವ ಕಟ್ಟಿದ ಗಡಿಯಾರವನ್ನು ಮತ್ತೆ ಬಿಚ್ಚಿ, ಮೇಜಿನ ಮೇಲೆ ಮಗುಚಿಟ್ಟು, ನನ್ನ ಎದುರಿಗೆ ಕೂತರು. ಅತ್ತೆ ಚಾಪೆ ಹಿಡಿದುಕೊಂಡೇ ನಿಂತರು.

"...ಪೀಣ್ಯದಲ್ಲೇ ಇಳೀತೀನಿ" ಅಂದೆ.