ಇಟ್ಟಿಗೆಯ ಮೇಲೆ ನಿಂತು ಇಟ್ಟ ಹೆಸರು

ಹೆಸರಿಡುವ ವಿದ್ಯೆಯಲ್ಲಿ ಓಮಲೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ! ನಮ್ಮ ಬೀದಿಯ ಎಷ್ಟೋ ಕೂಸುಗಳಿಗೂ ಕರುಗಳಿಗೂ ಹೆಸರಿಟ್ಟವಳು ನಾನೇ. ಕರೆದರೆ ಕೂಸುಗಳು ತಿರುಗಿ ನೋಡದಿದ್ದರೂ ಕರುಗಳು ಖಂಡಿತ ನೋಡುತ್ತವೆ. ಹಾಗಾಗಿ ನಮ್ಮವರು ಸೇಲಂನಲ್ಲಿ ಕಂಡವರ ಹೋಟೆಲಿನ ಒಲೆ ಊದುವುದನ್ನು ಬಿಟ್ಟು, ಬೆಂಗಳೂರು ರಸ್ತೆಯ ಪಕ್ಕದಲ್ಲಿ ಸ್ವಂತ ಕಾಪಿ ಕ್ಲಬ್ಬು ತೆರೆಯುತ್ತೇನೆಂದಾಗ ಸೊಂಟಕ್ಕೆ ಸೆರಗು ಸಿಕ್ಕಿಸಿಬಿಟ್ಟೆ.

"ಎಸರು ನಾನಿಡ್ತೀನಿ, ನೀವು ಒಲೆ ಕಡೆ ನೋಡ್ಕಳಿ. ಎರಡೇ ಮಾತು. ಒಂದ್ಸಲ ಕೇಳ್ದೋರು ಸಾಯೋಗಂಟ ಮರೀಬಾರ್ದು. ಏಳ್ದೋರಿಗೆ ಪುಣ್ಯನೂ ಬರಬೇಕು!"

"ಪುಣ್ಯ ಆಮೇಲೆ ಬರ್ಲಿ. ಮೊದ್ಲು ಬಸ್ಸು ಬರ್ಲಿ," ಎಂದರು ನಮ್ಮವರು.

ಅವರ ಚಿಂತೆ ಅವರಿಗೆ. ಧರ್ಮಪುರಿಗೆ ಹೋಗುವ ಬಸ್ಸು ಆವರೆಗೆ ಎದುರಿನ ದೊಡ್ಡ ಕ್ಲಬ್ಬಿನ ಮುಂದೆ ನಿಲ್ಲುತ್ತಿತ್ತು. ಕಂಡಕ್ಟರು ಪೊನ್ನುಸ್ವಾಮಿ, ಅಂಗಡಿ ತೆರೆಯುವ ಪೂಜೆಯ ದಿನ ಒಂದು ಸಲ ನಮ್ಮ ಮುಂದೆ ನಿಲ್ಲಿಸಿ ನೋಡುತ್ತೇನೆಂದಿದ್ದ. ಪ್ರಯಾಣಿಕರು ನಮ್ಮ ಹೆಸರು ನೆನಪಿಟ್ಟು ಕೇಳಿದರೆ ದಿನವೂ ನಿಲ್ಲುತ್ತದೆ. ಕೇಳದಿದ್ದರೆ ನಮ್ಮವರು ಮತ್ತೆ ಸೇಲಂನ ಒಲೆಯ ಮುಂದೆ!

ಎರಡನೆಯ ಮಾತು 'ವಿಲಾಸ' ಎಂದು ಆಗಲೇ ತೀರ್ಮಾನವಾಗಿತ್ತು. ಮೊದಲನೆಯ ಮಾತಿಗೆ ಒಬ್ಬ ದೇವರು ಬೇಕು, ಅಷ್ಟೆ. ಆದರೆ ದೇವರೆಲ್ಲ ನಮ್ಮ ಮನೆಯಲ್ಲಿ ಮೀಸೆ ಬಿಟ್ಟುಕೊಂಡು ಓಡಾಡುತ್ತಿದ್ದರೆ ಏನು ಮಾಡಲಿ? ರಾಮ ಎನ್ನೋಣವೆಂದರೆ ಮಾವನವರ ಹೆಸರು. ಸೊಸೆಯ ಬಾಯಲ್ಲಿ ಬರುವಂತಿಲ್ಲ. ಕೃಷ್ಣ ಬಾವನವರ ಪಾಲು. (ಬಾಯಲ್ಲಿ ಹೇಳಬಾರದು, ಬರೆಯಬಾರದೆಂದು ನನಗೆ ಯಾರೂ ಕಲಿಸಿಲ್ಲ. ಆದರೂ ಕೆನ್ನೆ ಬಡಿದುಕೊಂಡಿದ್ದೇನೆ.) ಮುರುಗನನ್ನು ಎದುರಿನ ಕ್ಲಬ್ಬಿನವನು ಮೊದಲೇ ಹಿಡಿದುಕೊಂಡಿದ್ದಾನೆ.

ಒಂದು ಬೆಳಗ್ಗೆ ದೀಪ ಹಚ್ಚುವಾಗ ಹೊಳೆಯಿತು. ಪಂಢರಪುರದ ಸ್ವಾಮಿ! ನಮ್ಮವರಿಗೂ ಅವನದೇ ಹೆಸರು. ಮದುವೆಯಾದಂದಿನಿಂದ ನನ್ನ ನಾಲಿಗೆ ಅದನ್ನು ಮುಟ್ಟಿಲ್ಲ. ಭಜನೆಯಲ್ಲಿ ಆ ಹೆಸರು ಬಂದಾಗಲೆಲ್ಲ ನಾನು ಬಾಯಿ ಮುಚ್ಚಿ ತಾಳ ಮಾತ್ರ ಹಾಕುತ್ತೇನೆ. ನಾನು ಹೇಳಲಾಗದ್ದನ್ನು ಸೇಲಂ ಜಿಲ್ಲೆಯೇ ಹೇಳಲಿ! ಕಣ್ಣು ತುಂಬಿ ಬಂತು. ಓಡಿಹೋಗಿ, ಹಿತ್ತಲಲ್ಲಿದ್ದ ಇಟ್ಟಿಗೆಯ ಮೇಲೆ ಹತ್ತಿ, ಆ ಸ್ವಾಮಿಯ ಹಾಗೆ ಸೊಂಟದ ಮೇಲೆ ಎರಡೂ ಕೈಯಿಟ್ಟು ನಮ್ಮವರ ಮುಂದೆ ನಿಂತೆ.

"ಯಾಕೆ, ಏನು ಕೋಪ?" ಎಂದರು ಗಾಬರಿಯಾಗಿ.

"ಎಸರು! ಕ್ಲಬ್ಬಿನ ಎಸರು!"

"ಜಗಳಗಂಟಿ ವಿಲಾಸಾನಾ?"

ಒಳಗಿನಿಂದ ಅತ್ತೆ ಸೊಣ್ಣಮ್ಮನವರು ಕೂಗಿದರು: "ಲೇ ಪೆದ್ದ, ಪಾಂಡುರಂಗ ಅಂತ ನಿನ್ನ ಎಸರೇ ಏಳ್ತಾವ್ಳೆ ಕಣ್ಲಾ!" (ಇದು ಅತ್ತೆಯ ಮಾತು, ನನ್ನದಲ್ಲ!)

ನಮ್ಮವರ ಮುಖ ಆಗತಾನೇ ಇಳಿಸಿದ ಇಡ್ಲಿಯಂತೆ ಉಬ್ಬಿತು. ಮೇಲೆ ತಮಿಳು, ಕೆಳಗೆ ಕನ್ನಡ, ಎರಡರಲ್ಲೂ ಹೆಸರು ಬರೆದ ಬೋರ್ಡು ಸೇಲಂನಿಂದ ಬಂತು. ಅಂಗಡಿಯ ಮುಂದೆ ನಾನೂ ನಿಲ್ಲಬೇಕಾದೀತು, ಯಾರಾದರೂ ನನ್ನನ್ನೇ ಹೆಸರು ಕೇಳಿಯಾರು ಎಂಬ ಸಣ್ಣ ವಿಷಯ ಮಾತ್ರ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಪೂಜೆಯ ದಿನ. ರಾಹುಕಾಲ ಕಳೆಯುವವರೆಗೆ ಬಿಚ್ಚಬಾರದೆಂದು ಬೋರ್ಡಿಗೆ ಹಳದಿ ಬಟ್ಟೆ ಸುತ್ತಿದ್ದರು. ನಮ್ಮವರು ಪುರೋಹಿತರನ್ನು ಕರೆತರಲು, ಅತ್ತೆ ಹೂ ತರಲು ಹೋದರು. ಡಿಕಾಕ್ಷನ್ ಇಳಿಸಿ ನಾನೊಬ್ಬಳೇ ಕೂತಿದ್ದೆ. ಹುಟ್ಟಿದಾಗಿನಿಂದ ಹೊತ್ತಿಗೆ ಸರಿಯಾಗಿ ಬಾರದ ಆ ಬಸ್ಸು ಅಂದು ಮುಂಚೆಯೇ ಬಂದುಬಿಟ್ಟಿತು! ಜನ ಇಳಿದು ಕಾಪಿ ಕುಡಿದರು, ಚೆನ್ನಾಗಿದೆಯೆಂದು ಮತ್ತೆ ಕುಡಿದರು. ಪೊನ್ನುಸ್ವಾಮಿ ಮೀಸೆ ಒರೆಸಿಕೊಂಡು ಕ್ಲಬ್ಬಿನ ಹೆಸರು ಕೇಳಿದ:

"ಕ್ಲಬ್ ಪೇರು ಎನ್ನಮ್ಮಾ?"

ದೇವರ ಹೆಸರೆಂದಷ್ಟೇ ಹೇಳಿ ಜಾರಿಕೊಂಡೆ: "ಸಾಮಿ ಪೇರುಪ್ಪಾ."

"ಎಂದ ಸಾಮಿ?"

ಯಾವ ಸ್ವಾಮಿ ಎಂದು ಹೇಗೆ ಹೇಳಲಿ? ಬೋರ್ಡಿನ ಕಡೆ ನೋಡಿದೆ. ಹಳದಿ ಬಟ್ಟೆ. ಬೀದಿಯ ಕಡೆ ನೋಡಿದೆ. ಅತ್ತೆಯೂ ಇಲ್ಲ, ಪುರೋಹಿತರೂ ಇಲ್ಲ. ಒಲೆಯ ಪಕ್ಕದ ಇಟ್ಟಿಗೆ ಎಳೆದುಕೊಂಡು ಹತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟೆ.

"ಕಾಳಿಯಮ್ಮಾ!" ಎಂದ ಒಬ್ಬ. ತಲೆಯಲ್ಲಾಡಿಸಿದೆ.

"ಅಯ್ಯನಾರ್!" ಎಂದ ಇನ್ನೊಬ್ಬ. ಅದೂ ಅಲ್ಲ.

"ಪೊಲೀಸ್ ಇನ್ಸ್‌ಪೆಕ್ಟರ್!" ಎಂದ ಡ್ರೈವರು. ಬಸ್ಸಿಗೆ ಬಸ್ಸೇ ಗೊಳ್ಳೆಂದಿತು.

"ನೀಂಗಳೇ ಸೊಲ್ಲುಂಗಮ್ಮಾ," ನೀವೇ ಹೇಳಿ ಎಂದು ಪೊನ್ನುಸ್ವಾಮಿ ಕೈ ಮುಗಿದ.

ನಾನು ಸೆರಗನ್ನು ಬಾಯಿಗಿಟ್ಟು, "ನಾನ್ ಸೊಲ್ಲಮಾಟ್ಟೇನ್ಪಾ!" ಎಂದುಬಿಟ್ಟೆ. ನಾನು ಹೇಳುವುದಿಲ್ಲ!

ಕಂಬೈನಲ್ಲೂರಿನ ಅಜ್ಜಿಯೊಬ್ಬಳು ಬಸ್ಸಿನ ಕಿಟಕಿಯಿಂದ, "ಗಂಡನ ಎಸರಿರಬೇಕು, ಬಿಡ್ರಪ್ಪಾ, ಪಾಪ," ಎಂದಳು. ಆ ನಗುವಿನಲ್ಲಿ ಅದು ನನ್ನ ಹೊರತು ಯಾರಿಗೂ ಕೇಳಿಸಲಿಲ್ಲ. ಬಸ್ಸು ಹೊರಟೇಹೋಯಿತು.

ನಮ್ಮವರು ಬಂದು ಕೇಳಿ, ತಲೆಯ ಮೇಲೆ ಕೈಹೊತ್ತು ಕುಳಿತರು. "ಒಂದ್ಸಲ, ಒಂದೇ ಒಂದ್ಸಲ ಏಳಿದ್ರೆ ನಿನ್ನ ನಾಲಿಗೆ ಸವೀತಿತ್ತಾ?"

"ನಿಮ್ಮ ಆಯಸ್ಸು ಸವೀತಿತ್ತು!" ಎಂದೆ ಅಳುತ್ತ.

"ಸೇಲಂ ಒಲೆ ಮುಂದೆ ಆಯಸ್ಸು ಬೆಳೀತದಾ?"

ಪೂಜೆಯಾಯಿತು, ಬಟ್ಟೆ ಬಿಚ್ಚಿದರು. ಬೋರ್ಡು ಥಳಥಳ ಹೊಳೆಯಿತು. ನೋಡುವವರು ಮಾತ್ರ ಯಾರೂ ಇರಲಿಲ್ಲ. ನಾನು ದೇವರ ಮುಂದೆ ಕೂತು, ಅವನ ಹೆಸರನ್ನೂ ಹೇಳಲಾಗದೆ, "ನೀನೇ, ಇಟ್ಟಿಗೆ ಮೇಲಿನವನೇ, ಕಾಪಾಡಪ್ಪಾ" ಎಂದು ಬೇಡಿಕೊಂಡೆ.

ಸಂಜೆ ಧರ್ಮಪುರಿಯಿಂದ ಮರಳುವ ಬಸ್ಸಿನ ಹಾರನ್ನು ಕೇಳಿಸಿತು. ಎದುರಿನ ಕ್ಲಬ್ಬಿಗೇ ಹೋಗುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಬ್ರೇಕು ಕಿರ್ರೆಂದದ್ದು ನಮ್ಮ ಬಾಗಿಲಲ್ಲೇ! ಪೊನ್ನುಸ್ವಾಮಿ ಬಾಗಿಲಲ್ಲಿ ಜೋತಾಡುತ್ತ, ಊರಿಗೇ ಕೇಳುವಂತೆ ಕೂಗುತ್ತಿದ್ದ:

"ಸೊಲ್ಲಮಾಟ್ಟಾಂಗ ಕ್ಲಬ್! ಸೊಲ್ಲಮಾಟ್ಟಾಂಗ ಕ್ಲಬ್! ಕಾಪಿ ಕುಡಿಕ್ಕಿರವಂಗ ಎರಂಗು!"

'ಹೇಳೋದಿಲ್ಲ ಕ್ಲಬ್ಬು'! ಕಾಪಿ ಕುಡಿಯುವವರು ಇಳಿಯಿರಿ ಎಂದದ್ದೇ ತಡ, ಇಡೀ ಬಸ್ಸು ಇಳಿಯಿತು. ಬೆಳಗಿನ ಕಥೆ ಧರ್ಮಪುರಿಯವರೆಗೂ ಹೋಗಿ ತಿರುಗಿ ಬಂದಿತ್ತು. ಕಾಪಿಗಿಂತ ಮೊದಲು ಜನ ನನ್ನನ್ನು ನೋಡಿದರು. ಒಬ್ಬನಂತೂ ಇಟ್ಟಿಗೆಯನ್ನೂ ನೋಡಬೇಕೆಂದ!

ಅಂದಿನಿಂದ ಬಸ್ಸು ದಿನವೂ ನಿಲ್ಲುತ್ತದೆ. ನಮ್ಮವರು ಬೋರ್ಡನ್ನು ದಿನಕ್ಕೊಮ್ಮೆ ಒರೆಸುತ್ತಾರೆ. ಅದನ್ನು ಓದುವವರು ಅವರೊಬ್ಬರೇ.

ಮೊನ್ನೆ ಮೇಚೇರಿ ಸಂತೆಗೆ ಹೊರಟ ಒಬ್ಬ ಕುರಿ ವ್ಯಾಪಾರಿ ಸರಿಯಾಗಿ ಬೋರ್ಡಿನ ಕೆಳಗೇ ನಿಂತು, ಸೊಲ್ಲಮಾಟ್ಟಾಂಗ ಕ್ಲಬ್ಬು ಎಲ್ಲಿ ಎಂದು ಕೇಳಿದ. ಇದೇ ಸಮಯವೆಂದು, ನಾನು ಗಂಭೀರವಾಗಿ ಬೆರಳೆತ್ತಿ ಬೋರ್ಡು ತೋರಿಸಿದೆ. ಆತ ಒಂದೊಂದೇ ಅಕ್ಷರ ಕೂಡಿಸಿ ಓದಿ, "ಇದು ಬೇರೆ ಯಾವುದೋ," ಎಂದು ಎದುರಿನ ಕ್ಲಬ್ಬಿನ ಕಡೆ ಹೆಜ್ಜೆ ಹಾಕಿದ. ನನಗೆ ಎಲ್ಲ ಮರೆತುಹೋಯಿತು. ಬೀದಿಗೆ ಹಾರಿ, ಎರಡೂ ಕೈಯೆತ್ತಿ ಕೂಗಿಕೊಂಡೆ:

"ಬಾಪ್ಪಾ, ಬಾ! ಇದೇ ಸೊಲ್ಲಮಾಟ್ಟಾಂಗ ಕ್ಲಬ್ಬು! ಸೊಲ್ಲಮಾಟ್ಟಾಂಗ ಕ್ಲಬ್ಬು!"

ನಮ್ಮವರು ಬೋರ್ಡು ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ತಣ್ಣಗೆ ಹೇಳಿದರು:

"ಈ ಎಸರಾದ್ರೆ ಬಾಯ್ತುಂಬ ಬರ್ತದೆ, ನೋಡು!"