ಭಾವನ ಹತ್ತು ನಿಮಿಷ

ಉದ್ದ ಮಾತನಾಡುವವರನ್ನು ಕಂಡರೆ ನನಗಾಗದು. ಎದುರಿನವರು ಉಸಿರೆಳೆದುಕೊಳ್ಳುವಷ್ಟರಲ್ಲಿ ಅವರ ಮಾತನ್ನು ನಾನೇ ಮುಗಿಸಿಬಿಡುತ್ತೇನೆ. "ಟಾಕೀಸಿನ ಕತ್ತರೀನ ಮನೇಗೂ ತಂದಿದ್ದೀರ ಕಣ್ರೀ" ಎಂದು ಹೆಂಡತಿ ಬೈಯುತ್ತಾಳೆ. ಎಪ್ಪತ್ತರ ದಶಕದಲ್ಲಿ ನಾನು ಕಡೂರಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ರೀಲು ಕತ್ತರಿಸುವುದು, ಅಂಟಿಸುವುದು ನನ್ನ ಕಸುಬು. ಅಂಟಿಸಲಾಗದ್ದನ್ನೂ ಒಮ್ಮೆ ಕತ್ತರಿಸಿದೆ.

ಶನಿವಾರ, ಭಾನುವಾರದ ಬೆಳಗಿನ ಆಟಕ್ಕೆ ಇಂಗ್ಲಿಷಿನ ರಾಕ್ ಬ್ಯಾಂಡೊಂದರ ಕಛೇರಿಯ ಸಿನಿಮಾ ಬಂದಿತ್ತು. ಕಥೆಯಿಲ್ಲ, ಫೈಟಿಲ್ಲ, ಬರೀ ಹಾಡು. ನುಡಿಸುವುದರಲ್ಲಿ ಕಸುವಿತ್ತು, ಸುಳ್ಳೇಕೆ ಹೇಳಲಿ, ನನ್ನ ಮಷೀನ್ ಬೂತಿನ ಗೋಡೆ ಅದುರುತ್ತಿತ್ತು. ಆದರೆ ಅತಿ ಎಂದರೆ ಅತಿ! ಹಾಡುವವನು ಕಣ್ಣು ಮುಚ್ಚಿದರೆ ತೆರೆಯುವಷ್ಟರಲ್ಲಿ ನನ್ನದೊಂದು ಬೀಡಿ ಮುಗಿಯುತ್ತಿತ್ತು. ಪರದೆಯ ತುಂಬ ಹೊಗೆ ಬಿಟ್ಟಾಗ ಮಷೀನೇ ಸುಟ್ಟಿತೆಂದು ಎರಡು ಸಲ ಎದ್ದು ನೋಡಿದೆ. ಕೊನೆಗೆ ಉಳಿದವರೆಲ್ಲ ವಾದ್ಯ ಕೆಳಗಿಟ್ಟು ಹೋದರೆ, ಡ್ರಮ್ಮಿನವನೊಬ್ಬನೇ ಹತ್ತು ನಿಮಿಷ ಬಾರಿಸುತ್ತಿದ್ದ.

ನಮ್ಮಕ್ಕನ ಗಂಡ ಅಜ್ಜಂಪುರದ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದ. ತರೀಕೆರೆಯ ಮೆರವಣಿಗೆಯೊಂದರಲ್ಲಿ ಉಮೇದು ಬಂದು ಒಂದಿಷ್ಟು ಹೊತ್ತು ಒಬ್ಬನೇ ಬಾರಿಸಿದ್ದಕ್ಕೆ ಕ್ಲಾರಿನೆಟ್ಟಿನ ಗಂಗಣ್ಣ ಮೇಷ್ಟ್ರು ಬೀಗರೆದುರೇ, "ನೀನು ಹಿಂದೆ ಬರೋನು ಕಣಯ್ಯ, ಹಿಂದೇನೇ ಬಾ" ಎಂದಿದ್ದರು. ಶನಿವಾರದ ಆಟ ನೋಡಿದ ಭಾವ ಕಣ್ಣೊರೆಸಿಕೊಳ್ಳುತ್ತ ಬೂತಿಗೆ ಬಂದ. "ಒಬ್ನೇ ಕಣೋ ಮೂರ್ತಿ! ಡ್ರಮ್ಮಿಗೂ ಒಂದು ಮರ್ಯಾದೆ ಐತೆ ಕಣೋ! ನಾಳೆ ಮೇಷ್ಟ್ರನ್ನ, ಸೆಟ್‌ನೋರ್ನೆಲ್ಲ ಕರ್ಕೊಂಡ್ ಬತ್ತೀನಿ. ಇದನ್ನ ನೋಡಿದ್ಮೇಲೆ ಅದೆಂಗೆ ಬೇಡ ಅಂತಾರೋ ನೋಡಾನ..."

"ಆಯ್ತು ಬಾ ಭಾವ" ಎಂದು ಅರ್ಧದಲ್ಲೇ ಕಳಿಸಿದೆ. ಈ ಸಿನಿಮಾ ಮುಗಿಯದೆ ಆ ದಿನ ಮ್ಯಾಟಿನಿ ತಡವಾಗಿ ಜನ ಗೇಟು ಮುರಿಯುವುದೊಂದು ಬಾಕಿ. "ನಾಳೆ ಹತ್ತು ನಿಮಿಷ ಕಮ್ಮಿ ಮಾಡಯ್ಯ" ಎಂದು ಮಾಲೀಕರು ಗದರಿದರು. ಹಾಡಿಲ್ಲದ, ಮಾತಿಲ್ಲದ ಜಾಗ ಹುಡುಕಿ ಕತ್ತರಿ ಹಾಕಿದೆ. ಭಾವನ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದರಲ್ಲವೇ ನೆನಪಿಗೆ ಬರುವುದು!

ಭಾನುವಾರ ಸೆಟ್ಟಿನವರು ಏಳು ಜನ ಬಂದು ಬೂತಿನ ಕಿಂಡಿಯ ಕೆಳಗೇ ಕೂತರು. "ಈಗ ಬತ್ತದೆ, ಈಗ" ಎನ್ನುತ್ತ ಭಾವ ಬೆಂಚಿನ ತುದಿಗೆ ಸರಿದಾಗಲೇ ಕತ್ತರಿ ಎಲ್ಲಿ ಬಿದ್ದಿದೆಯೆಂದು ನನಗೆ ಹೊಳೆದದ್ದು. ಬರಲಿಲ್ಲ. "ಎಲ್ಲಯ್ಯ ನಿನ್ನ ಡ್ರಮ್ಮಿನೋನು? ಕನಸು ಗಿನಸು ಕಂಡ್ಯಾ?" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಹೊರಗೆ ಭಾವ ನನ್ನ ತೋಳು ಹಿಡಿದು, "ನೀನಾದ್ರೂ ಹೇಳೋ. ಇತ್ತು ತಾನೇ?" ಎಂದ. ಪಕ್ಕದಲ್ಲೇ ಮಾಲೀಕರು. "ನಾನು ಮಷೀನ್ ನೋಡ್ತಿರ್ತೀನಿ ಭಾವ, ಪರದೆ ನೋಡಲ್ಲ" ಎಂದುಬಿಟ್ಟೆ. ಸಂಜೆ ತುಂಡನ್ನು ಮತ್ತೆ ಅಂಟಿಸಿ ರೀಲಿನ ಪೆಟ್ಟಿಗೆ ವಾಪಸು ಕಳಿಸಿದೆ.

ಭಾವ ಮತ್ತೆಂದೂ ಆ ಮಾತೆತ್ತಲಿಲ್ಲ. ಇನ್ನೂ ಹತ್ತು ವರ್ಷ ಮೇಷ್ಟ್ರ ಬೆನ್ನ ಹಿಂದೆಯೇ ಬಾರಿಸಿ, ಎದೆನೋವಿನಿಂದ ಹೋಗಿಬಿಟ್ಟ. ತಿಥಿಯ ಊಟದಲ್ಲಿ ಮೇಷ್ಟ್ರ ಪಕ್ಕ ಕೂತವನು ತಡೆಯಲಾರದೆ, "ಆ ಡ್ರಮ್ಮು ಇತ್ತು ಮೇಷ್ಟ್ರೇ, ಕತ್ತರಿಸಿದ ಪಾಪಿ ನಾನೇ" ಎಂದೆ. ಅವರು ನನ್ನ ಬೆನ್ನು ಸವರಿದರು. "ಸತ್ತೋರ ಮೇಲೆ ಪ್ರೀತಿ ಇರ್ಬೇಕು ಕಣಪ್ಪಾ. ಅದ್ಕೇಂತ ಸುಳ್ಳು ಹೇಳ್ಬಾರ್ದು."

ನಾನು ಬಿಡಲಿಲ್ಲ. ಮ್ಯಾಟಿನಿ, ಮಾಲೀಕರು, ರೀಲು ಎಂದು ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯವನ್ನು ಉದ್ದಕ್ಕೆ ಹೇಳತೊಡಗಿದೆ. ಮೇಷ್ಟ್ರು ಅರ್ಧದಲ್ಲೇ ಎಲೆ ಮಡಿಸಿ ಕೈ ತೊಳೆಯಲು ಎದ್ದರು.